ಹದ್ದಿನ ಪಾಲು

ಬೆಣ್ಣೆಹಣ್ಣಿನ ಮರದಲ್ಲಿ ಆ ಹಕ್ಕಿ ಬಂದು ಕೂತ ದಿನವೇ ಅದು ತನ್ನನ್ನು ಹುಡುಕಿಕೊಂಡು ಬಂದಿದೆಯೆಂದು ಜಟ್ಟೆಮ್ಮನಿಗೆ ಅನ್ನಿಸಿತು. ಇಂದಿರಾನಗರದಲ್ಲಿ ಮರಗಳಿಗೇನೂ ಬರವಿರಲಿಲ್ಲ. ಹಿಂದಿನ ರಸ್ತೆಯ ಬಂಗಲೆಗಳಲ್ಲಿ ಇದಕ್ಕಿಂತ ದೊಡ್ಡ ತೋಟಗಳಿದ್ದವು, ಇದಕ್ಕಿಂತ ಕೊಬ್ಬಿದ ಅಳಿಲುಗಳಿದ್ದವು. ಅವೆಲ್ಲವನ್ನೂ ಬಿಟ್ಟು ಡಿಸೆಂಬರಿನ ಚಳಿಯಲ್ಲಿ ಅದು ಅಹ್ಮದ್ ಪಾಷಾ ಅವರ ತೋಟಕ್ಕೇ ಬರಬೇಕೆ? ಬಂದದ್ದು ಅಡುಗೆಮನೆಯ ಕಿಟಕಿಯ ಎದುರಿನ ಕೊಂಬೆಯ ಮೇಲೇ ಕೂರಬೇಕೆ? ಕೂತದ್ದು ಪಾತ್ರೆ ತೊಳೆಯುವವಳ ಮುಖವನ್ನೇ ನೋಡಬೇಕೆ?

ಹದ್ದಿನಷ್ಟು ದೊಡ್ಡ ಹಕ್ಕಿಯಲ್ಲ, ಪಾರಿವಾಳಕ್ಕಿಂತ ಚೂರು ಉದ್ದ ಅಷ್ಟೆ. ಬೆನ್ನು ಬೂದಿ ಬಣ್ಣ, ಎದೆಯ ಮೇಲೆ ಇಟ್ಟಿಗೆ ಬಣ್ಣದ ಸಣ್ಣ ಗೆರೆಗಳು, ಕೆಂಪು ಕಣ್ಣು. ಆ ಕಣ್ಣು ರೆಪ್ಪೆ ಬಡಿಯುತ್ತದೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅವಳ ಊರ ಕಡೆ ಇಂಥದ್ದಕ್ಕೆ ಗಿಡಗ ಅನ್ನುತ್ತಾರೆ. ಅದು ಕೋಳಿಮರಿ ಎತ್ತಿಕೊಂಡು ಹೋದಾಗ ಹೆಂಗಸರು ಹಾಕುವ ಶಾಪ ಕೇಳಿದರೆ ಯಮನೂ ಕಿವಿ ಮುಚ್ಚಿಕೊಳ್ಳಬೇಕು. ಜಟ್ಟೆಮ್ಮನ ಬಾಯಿಂದ ಮಾತ್ರ ಅಂದು ಒಂದು ಬೈಗುಳವೂ ಹೊರಡಲಿಲ್ಲ. ತಪ್ಪು ಮಾಡಿದವರ ಬಾಯಿ ಹಾಗೆಯೇ, ಬೇಕಾದಾಗ ಒಣಗಿರುತ್ತದೆ.

ಜಟ್ಟೆಮ್ಮ ಶಹಾಪುರದ ಕಡೆಯವಳು. ಗಂಡ ಭಗವಂತರಾಯ ದೊಮ್ಮಲೂರಿನ ಫ್ಲೈಓವರ್ ಕೆಲಸದಲ್ಲಿ ಕಂಬಿ ಕಟ್ಟುತ್ತಿದ್ದ. ಗಂಡ, ಹೆಂಡತಿ, ಐದು ವರ್ಷದ ಮಗಳು ಶಾಂಭವಿ, ಮೂವರೂ ಕಗ್ಗದಾಸಪುರದಲ್ಲಿ ಶೀಟು ಹೊದಿಸಿದ ಒಂದೇ ರೂಮಿನ ಬಾಡಿಗೆಮನೆಯಲ್ಲಿದ್ದರು. ಮಗಳನ್ನು ಪಕ್ಕದ ರೂಮಿನ ಆಂಜನಮ್ಮನ ಬಳಿ ಬಿಟ್ಟು, ದೀಪಾವಳಿ ಕಳೆದ ಮೇಲೆ ಪಾಷಾ ಅವರ ಮನೆಗೆಲಸಕ್ಕೆ ಸೇರಿದ್ದಳು. ಪಾಷಾ ಅವರಿಗೆ ಶಿವಾಜಿನಗರದಲ್ಲಿ ಮರದ ವ್ಯಾಪಾರ. ಹೆಂಡತಿ ಶಕೀಲಾ, ಏಳು ವರ್ಷದ ಒಬ್ಬಳೇ ಮಗಳು ಸಾಮಿಯಾ. ಶಕೀಲಾಳನ್ನು ಹಾಲಿನವನಿಂದ ಹಿಡಿದು ಎಲ್ಲರೂ ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು, ಜಟ್ಟೆಮ್ಮನೂ ಹಾಗೇ ಕರೆಯುತ್ತಿದ್ದಳು. ಒಳ್ಳೆಯ ಹೆಂಗಸು. ಕೆಲಸದವಳಿಗೆ ಬೇರೆ ಲೋಟ ಇಡುವ ಚಾಳಿ ಆ ಮನೆಯಲ್ಲಿರಲಿಲ್ಲ.

ಆದದ್ದು ಇಷ್ಟು. ಸಾಮಿಯಾಳಿಗೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿಸಿ ಗ್ಲೂಕೋಸು ಹಾಕಿಸಿ ಮನೆಗೆ ಕರೆತಂದರೂ ಸಂಜೆಯಾದರೆ ಮೈ ಕೆಂಡವಾಗುತ್ತಿತ್ತು. ಒಂದು ಮಧ್ಯಾಹ್ನ ಶಕೀಲಾ ಮಗಳ ಕೋಣೆಯ ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಒಳಗೆ ಎಳೆಯ ಕುರಿಮಾಂಸ.

"ಜಟ್ಟೆಮ್ಮ, ಇದು ತಗೊಂಡೋಗಿ ತೋಟದಲ್ಲಿ ಹದ್ದಿಗೆ ಹಾಕ್ಬಿಡು," ಎಂದಳು. ಇನ್ನೇನೋ ಹೇಳುವವಳಿದ್ದಳು. ಅಷ್ಟರಲ್ಲಿ ಒಳಗೆ ಮಗು ವಾಂತಿ ಮಾಡಿಕೊಂಡ ಸದ್ದಾಗಿ ಓಡಿಹೋದಳು.

ಹೇಳಬೇಕಾದ ಮಾತು ಹಾಗೆ ಅರ್ಧದಲ್ಲೇ ಉಳಿಯಿತು. ಶಿವಾಜಿನಗರದ ಕಡೆಯವರಿಗಾಗಿದ್ದರೆ ಅದನ್ನು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಹದ್ದಿಗೆ ಮಾಂಸ ಹಾಕುವುದೆಂದರೆ ಏನೆಂದು ಅಲ್ಲಿ ಮಕ್ಕಳಿಗೂ ಗೊತ್ತು. ಜಟ್ಟೆಮ್ಮನಿಗೂ ದೃಷ್ಟಿ, ನಿವಾಳಿ ಹೊಸತಲ್ಲ. ದಾರಿಯಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ಸುತ್ತುಹಾಕಿ ಹೋಗುವವಳು ಅವಳು. ಆದರೆ ಅವಳ ಕಡೆ ನಿವಾಳಿಸುವುದು ಉಪ್ಪು, ಮೆಣಸಿನಕಾಯಿ, ರೊಟ್ಟಿಯ ತುಂಡಿನಿಂದ, ಬಹಳವಾದರೆ ಒಂದು ಮೊಟ್ಟೆಯಿಂದ. ಮಾಂಸವನ್ನು ಯಾರಾದರೂ ನಿವಾಳಿಸಿ ಎಸೆಯುತ್ತಾರೆಯೆ? ಅವಳ ಊರಲ್ಲಿ ಕುರಿ ಕೊಯ್ದರೆ ಹದ್ದಿಗೆ ಉಳಿಯುತ್ತಿದ್ದದ್ದು ವಾಸನೆ ಮಾತ್ರ. ದೊಡ್ಡವರ ಮನೆಯ ಚೆಲ್ಲಾಟ ಇದು, ಕಾಗೆಗೆ ಅನ್ನ ಇಟ್ಟಹಾಗೆ ಇವರು ಹದ್ದಿಗೆ ಮಾಂಸ ಇಡುತ್ತಾರೆ ಅಂದುಕೊಂಡಳು. ಶಾಂಭವಿ ಊರು ಬಿಟ್ಟ ಮೇಲೆ ಮಾಂಸದ ಮುಖ ಕಂಡಿರಲಿಲ್ಲ. ಜಟ್ಟೆಮ್ಮ ತೋಟದ ಮೂಲೆಗೆ ಹೋಗಿ ನಿಂತಳು, ಆಕಾಶ ನೋಡಿದಳು, ಕವರನ್ನು ಗಂಟು ಹಾಕಿ ತನ್ನ ಊಟದ ಡಬ್ಬಿಗೆ ತುರುಕಿಕೊಂಡಳು.

ಅಂದು ಸಂಜೆ ಕಗ್ಗದಾಸಪುರದ ಆ ರೂಮಿನಲ್ಲಿ ಮಸಾಲೆಯ ಘಮ ಎದ್ದಿತು. ಶಾಂಭವಿ ಸ್ಟವ್ ಪಕ್ಕದಿಂದ ಏಳಲೇ ಇಲ್ಲ. ಜೋಳದ ರೊಟ್ಟಿ ಮುರಿದು ಮುರಿದು ಅದ್ದಿಕೊಂಡು ತಿಂದಳು, ಎಲುಬು ಚೀಪಿದಳು, ಬೆರಳು ನೆಕ್ಕಿದಳು. ಗಂಡನಿಗೆ ರಾತ್ರಿ ಪಾಳಿ, ಮನೆಯಲ್ಲಿರಲಿಲ್ಲ. ಉಳಿದ ಸಾರಿಗೆ ತಾನು ರೊಟ್ಟಿ ಅದ್ದಬೇಕೆಂದಿದ್ದ ಜಟ್ಟೆಮ್ಮ, ಮಗಳು ಇನ್ನೂ ಬೇಕು ಅಂದಾಗ ಅದನ್ನೂ ಅವಳ ತಟ್ಟೆಗೇ ಬಗ್ಗಿಸಿದಳು. ಆ ಮಗು ಹಾಗೆ ಹೊಟ್ಟೆ ತುಂಬ ಉಂಡದ್ದನ್ನು ನೋಡಿ ಅವಳಿಗೆ ಎಷ್ಟು ಸುಖವಾಯಿತೆಂದರೆ, ಆಮೇಲೆ ಆ ಸುಖವನ್ನು ನೆನೆಯುವುದಕ್ಕೇ ಅವಳು ಹೆದರುತ್ತಿದ್ದಳು.

ಸಾಮಿಯಾಳ ಜ್ವರ ಬಿಟ್ಟಿತು. ಮತ್ತೆ ಬರಲಿಲ್ಲ. ಹುಡುಗಿ ಎದ್ದು ಕೂತು ಗಂಜಿ ಕುಡಿದ ದಿನ ಶಕೀಲಾ ಅಡುಗೆಮನೆಗೆ ಬಂದು ಜಟ್ಟೆಮ್ಮನ ಒದ್ದೆ ಕೈಗಳನ್ನು ಹಿಡಿದುಕೊಂಡಳು.

"ನಿನ್ನ ಕೈಗುಣ ಜಟ್ಟೆಮ್ಮ. ಅವತ್ತು ನಾನು ಮಗು ತಲೆ ಸುತ್ತ ಇಳಿಸಿ ನಿನ್ನ ಕೈಲಿ ಕೊಟ್ನಲ್ಲ, ಅದಕ್ಕೆ ನಮ್ಮಲ್ಲಿ ಸದ್ಕಾ ಅಂತಾರೆ. ಕಾಯಿಲೆ ಎಲ್ಲ ಆ ಗೋಷ್ತಲ್ಲಿ ಇಳಿದುಬಿಡುತ್ತೆ. ಯಾರು ತಿಂತಾರೋ ಆ ಬಲಾ, ಆ ಪೀಡೆ, ಅವರ ಜೊತೆ ಹೋಗುತ್ತೆ. ಹದ್ದು ಆದ್ರೆ ಆಕಾಶಕ್ಕೆ ತಗೊಂಡೋಗುತ್ತೆ, ಯಾರಿಗೂ ತೊಂದ್ರೆ ಇಲ್ಲ. ನೀನು ನೋಡಿದ್ಯಾ, ತಗೊಳ್ತಾ ಹದ್ದು?"

ಜಟ್ಟೆಮ್ಮ ಕೈ ಬಿಡಿಸಿಕೊಂಡು ಪಾತ್ರೆಗಳ ಕಡೆ ತಿರುಗಿದಳು. ನಲ್ಲಿ ಸುರಿಯುತ್ತಲೇ ಇತ್ತು.

"ಹೂನ್ರಿ ಆಪಾ," ಎಂದಳು. "ಒಯ್ತ್ರಿ."

ಗಿಡಗ ಬಂದು ಕೂತದ್ದು ಮಾರನೆಯ ಬೆಳಿಗ್ಗೆ.

ಆಮೇಲೆ ಅದು ದಿನಾ ಬರತೊಡಗಿತು. ತೋಟದಲ್ಲಿ ಅದು ಕಾಲಿಟ್ಟ ಗಳಿಗೆಯಿಂದ ಗುಬ್ಬಿ, ಮೈನಾಗಳ ಗಲಾಟೆ ನಿಂತುಹೋಗುತ್ತಿತ್ತು, ಅಳಿಲುಗಳು ಒಂದೇ ಸಮ ಕಿರುಚಿ ಆಮೇಲೆ ಎಲ್ಲಿಯೋ ಅಡಗಿಬಿಡುತ್ತಿದ್ದವು. ಆ ಮೌನ ಅಡುಗೆಮನೆಯವರೆಗೂ ಬರುತ್ತಿತ್ತು. ತಲೆ ಎತ್ತದೆಯೇ ಅದು ಬಂದಿದೆಯೆಂದು ಜಟ್ಟೆಮ್ಮನಿಗೆ ತಿಳಿಯುತ್ತಿತ್ತು. ಕೋಣೆಯ ಕಿಟಕಿಯಲ್ಲಿ ಕೂತ ಸಾಮಿಯಾಳಿಗೋ ಅದರ ಮೇಲೆ ಪ್ರಾಣ. ಒಂದು ದಿನ ಅದು ಹುಲ್ಲಿನ ಮೇಲಿದ್ದ ಮೈನಾವೊಂದನ್ನು ಎರಗಿ ಹಿಡಿದು, ಅದೇ ಕೊಂಬೆಗೆ ಒಯ್ದು ಪುಕ್ಕ ಕೀಳತೊಡಗಿತು. ಮೈನಾ ಇನ್ನೂ ಕೂಗುತ್ತಿತ್ತು. ಸಾಮಿಯಾ ಅಮ್ಮನನ್ನು ಕರೆದು ಕರೆದು ತೋರಿಸಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಜಟ್ಟೆಮ್ಮನ ತಲೆಯ ಮೇಲೆ ಬೂದು ಪುಕ್ಕಗಳು ಉದುರಿದವು. ಅವಳು ಅವನ್ನು ಕೊಡವಿಕೊಂಡು ಒಳಗೆ ಓಡಿದಳು.

ಇದರ ಪಾಲು ಇದಕ್ಕೆ ಕೊಟ್ಟುಬಿಟ್ಟರೆ ಹೋಗುತ್ತದೆ ಅಂದುಕೊಂಡಳು ಅವಳು. ಕಗ್ಗದಾಸಪುರದ ಶಫಿಯ ಅಂಗಡಿಯಲ್ಲಿ ಮಾಂಸ ಕೊಂಡು, ಸೆರಗಿನಲ್ಲಿ ಮುಚ್ಚಿ ತಂದು, ಕಾಂಪೌಂಡಿನ ಮೇಲಿಟ್ಟಳು. ಕಾಗೆಗಳು ಬಂದವು, ಎಲ್ಲಿಂದಲೋ ಒಂದು ಹದ್ದೂ ಇಳಿದು ಬಾಚಿಕೊಂಡು ಹೋಯಿತು. ಗಿಡಗ ಅತ್ತ ಕಣ್ಣೂ ಹಾಯಿಸಲಿಲ್ಲ. ಎರಡನೆಯ ಸಲವೂ ಹಾಗೇ ಆಯಿತು. ಅಂಗಡಿಗೆ ಹೊರಟಿದ್ದ ಅಹ್ಮದ್ ಪಾಷಾ ಕಾರಿನ ಬಳಿ ನಿಂತು ಇದನ್ನು ನೋಡಿದರು.

"ಅದು ಹದ್ದಲ್ಲಮ್ಮಾ, ಶಿಕ್ರಾ," ಎಂದರು ನಗುತ್ತ. "ನಮ್ಮ ತಾತ ಒಂದು ಸಾಕಿದ್ರು. ಸತ್ತಿದ್ದು ಮುಟ್ಟಲ್ಲ ಅದು. ಜೀವ ಇರೋದನ್ನೇ ಹಿಡಿದು ತಿನ್ನೋದು."

ಪಾಪ, ಅವರು ಹಕ್ಕಿಯ ವಿಷಯ ಹೇಳಿದರು. ಜಟ್ಟೆಮ್ಮನಿಗೆ ಕೇಳಿಸಿದ್ದೇ ಬೇರೆ. ಅಂದು ಮನೆಗೆ ಹೋದಾಗ ಆಂಜನಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಮಗೀಗೆ ಮೈ ಬೆಚ್ಚಗಾಗೈತೆ ಕಣೇ. ಮಧ್ಯಾಹ್ನದಿಂದ ಏನೂ ತಿಂದಿಲ್ಲ," ಎಂದಳು.

ಚಳಿಗಾಲದಲ್ಲಿ ಶೀಟಿನ ಮನೆಯ ಮಕ್ಕಳಿಗೆ ಜ್ವರ ಬರುವುದು ದೊಡ್ಡ ವಿಷಯವಲ್ಲ. ಆ ಸಾಲಿನಲ್ಲೇ ಕೆಮ್ಮದ ಮಗುವಿರಲಿಲ್ಲ. ಭಗವಂತರಾಯ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಬಳಿ ತೋರಿಸಿ, ಎದೆಯಲ್ಲಿ ಕಫ ಕಟ್ಟಿದೆಯೆಂದು ಅವರು ಬರೆದುಕೊಟ್ಟ ಔಷಧಿ ತಂದ. ಆದರೆ ಜಟ್ಟೆಮ್ಮ ಮುಸ್ಸಂಜೆ ಮಗಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಾಗ ಘಾಟೇ ಬರಲಿಲ್ಲ. ಮೆಣಸಿನಕಾಯಿ ಸುಟ್ಟು ಕರಕಲಾದರೂ ಒಬ್ಬರೂ ಕೆಮ್ಮಲಿಲ್ಲ. ದೃಷ್ಟಿ ಗಟ್ಟಿಯಾಗಿದ್ದರೆ ಘಾಟು ಏಳುವುದಿಲ್ಲವೆಂದು ಅವಳ ಅವ್ವ ಹೇಳುತ್ತಿದ್ದಳು.

"ಔಷಧ ಹಾಕು, ಸಾಕು," ಎಂದ ಗಂಡ. "ಡಾಕ್ಟರ ಏನ್ ಹುಚ್ಚರಾ?"

"ನಿಮಗ ತಿಳಿಯಂಗಿಲ್ಲ," ಎಂದಳು. ತಿಳಿಸುವ ಧೈರ್ಯ ಅವಳಿಗೂ ಇರಲಿಲ್ಲ.

ಔಷಧಿ ಹಾಕಿದಾಗ ಜ್ವರ ಇಳಿಯುತ್ತಿತ್ತು, ಸಂಜೆಗೆ ಮತ್ತೆ ಏರುತ್ತಿತ್ತು. ಸಾಮಿಯಾಳಿಗೆ ಬರುತ್ತಿದ್ದ ಹಾಗೆಯೇ. ಶಾಂಭವಿಯ ಎದೆ ಉಸಿರಿಗೊಮ್ಮೆ ಕುಯ್ ಎನ್ನುವುದನ್ನು ಕೇಳುತ್ತ ಮಲಗಿದವಳಿಗೆ ಇಂದಿರಾನಗರದ ಆ ಕೊಂಬೆ, ಆ ಕೆಂಪು ಕಣ್ಣು ಕಣ್ಣೆದುರು ಬರುತ್ತಿದ್ದವು. ಅದು ತನ್ನನ್ನು ನೋಡುತ್ತಿಲ್ಲ, ತನ್ನ ಮೂಲಕ ಮಗಳನ್ನು ನೋಡುತ್ತಿದೆ ಅನ್ನಿಸುತ್ತಿತ್ತು.

ತಡೆಯಲಾರದೆ ಒಂದು ದಿನ ಶಕೀಲಾಳನ್ನು ಕೇಳಿಯೇಬಿಟ್ಟಳು. ಶಕೀಲಾ ಬಿಸಿಲಿಗೆ ಮಗಳ ತಲೆ ಬಾಚುತ್ತಿದ್ದಳು.

"ಆಪಾ, ಆ ಸದ್ಕಾದ ಮಾಂಸ ಹದ್ದಿನ ಬದಲಿ ಯಾರರ ಮನಷ್ಯಾರು ತಿಂದ್ರ ಏನಾಗ್ತದ್ರಿ?"

ಶಕೀಲಾಳಿಗೆ ಇದರಲ್ಲಿ ಒಳಗುಟ್ಟೇನೂ ಕಾಣಲಿಲ್ಲ. "ಹಸಿದವರು ತಿಂದ್ರೆ ಇನ್ನೂ ಒಳ್ಳೇದು ಅಂತಾರೆ ನಮ್ಮ ಮೌಲ್ವಿ ಸಾಬ್ರು. ಬಡವರ ಮಗು ತಿಂತು ಅಂದ್ರೆ ಅಲ್ಲಾ ಬೇಗ ಕಬೂಲ್ ಮಾಡ್ತಾನೆ. ಯಾಕೆ?"

"ಸುಮ್ನ ಕೇಳ್ದೆರಿ," ಎಂದಳು ಜಟ್ಟೆಮ್ಮ. ಬೇರೆ ಯಾರಿಗಾದರೂ ಅದು ಸಮಾಧಾನದ ಮಾತು. ಅವಳಿಗೆ ತೀರ್ಪು ಕೇಳಿದಂತಾಯಿತು. ಬೇಗ ಸಂದಿತಂತೆ. ಅದಕ್ಕೇ ಈ ಹುಡುಗಿ ಇಲ್ಲಿ ಬಿಸಿಲಿಗೆ ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದಾಳೆ, ಅದಕ್ಕೇ ತನ್ನ ಮಗಳು ಅಲ್ಲಿ ಮಲಗಿದ್ದಾಳೆ.

ಸಂಕ್ರಾಂತಿಗೆ ಮುಂಚಿನ ಒಂದು ಬೆಳಿಗ್ಗೆ ಊರಿಗೆಲ್ಲ ಮಂಜು ಕವಿದಿತ್ತು. ಜಟ್ಟೆಮ್ಮ ಹಿಂದಿನ ದಿನ ತಂದಿಟ್ಟಿದ್ದ ಮಾಂಸದ ತುಂಡುಗಳನ್ನು ನಿದ್ದೆಯಲ್ಲಿದ್ದ ಶಾಂಭವಿಯ ತಲೆಯ ಸುತ್ತ ನಿವಾಳಿಸಿ, ಕವರಿಗೆ ಹಾಕಿಕೊಂಡು ಹೊರಟಳು. ಮಗಳ ಉಸಿರು ಬಿಸಿಯಾಗಿ ಅವಳ ಮೊಣಕೈಗೆ ತಾಗಿತ್ತು. ಆ ಬಿಸಿಯನ್ನು ದಾರಿಯುದ್ದಕ್ಕೂ ಹೊತ್ತುಕೊಂಡೇ ಬಂದಳು. ಪಾಷಾ ಅವರ ತೋಟಕ್ಕೆ ಬಂದಾಗ ಗಿಡಗ ಆಗಲೇ ಕೊಂಬೆಯ ಮೇಲಿತ್ತು. ಪುಕ್ಕ ಉಬ್ಬಿಸಿಕೊಂಡು, ಒಂದು ಕಾಲು ಮಡಚಿ ಹೊಟ್ಟೆಗೆ ಸೇರಿಸಿಕೊಂಡು ಕೂತಿತ್ತು.

ಜಟ್ಟೆಮ್ಮ ಮಾಂಸವನ್ನು ಅಂಗೈಯಲ್ಲಿ ಇಟ್ಟುಕೊಂಡು ಮರದ ಕೆಳಗೆ ನಿಂತಳು.

"ತಗೋ," ಎಂದಳು ಮೆಲ್ಲಗೆ. "ನಿಂದು ನಿನಗ ಕೊಡ್ಲಾಕತ್ತೀನಿ. ನನ್ನ ಕೂಸಿನ ಬಿಡು."

ಅದು ತಲೆ ಓರೆ ಮಾಡಿ ನೋಡಿತು. ಕಾಗೆಗಳು ಬಂದವು, ಓಡಿಸಿದಳು. ಮತ್ತೆ ಬಂದವು, ಮತ್ತೆ ಓಡಿಸಿದಳು. ಮಂಜಿನಲ್ಲಿ ಹದ್ದುಗಳೂ ಎದ್ದಿರಲಿಲ್ಲ, ಮೇಲೆ ಆಕಾಶವೇ ಕಾಣುತ್ತಿರಲಿಲ್ಲ. ಕೈ ಚಾಚಿ ಚಾಚಿ ರಟ್ಟೆ ಸೋತವು.

"ಜಟ್ಟೆಮ್ಮ," ಒಳಗಿನಿಂದ ಶಕೀಲಾ ಕರೆದಳು. "ಸಾಮಿಯಾಗೆ ಯಖ್ನಿ ಇಟ್ಬಿಡು. ಮಟನ್ ತೊಳೆದಿಟ್ಟಿದೀನಿ. ನಾನು ಸ್ನಾನ ಮುಗಿಸಿ ಬರ್ತೀನಿ."

ಯಖ್ನಿ ಅಂದರೆ ಮಾಂಸ ಬೇಯಿಸಿ ತೆಗೆದ ತಿಳಿಸಾರು. ಕಾಯಿಲೆಯಿಂದ ಎದ್ದವರಿಗೆ ಶಕ್ತಿ ಬರಲೆಂದು ಆ ಮನೆಯಲ್ಲಿ ಮಾಡುತ್ತಿದ್ದರು. ಜಟ್ಟೆಮ್ಮ ಮುಷ್ಟಿ ಬಿಗಿಹಿಡಿದೇ ಅಡುಗೆಮನೆಗೆ ಹೋದಳು. ಕಟ್ಟೆಯ ಮೇಲೆ ತಟ್ಟೆಯಲ್ಲಿ ಸಾಮಿಯಾಳ ಮಾಂಸವಿತ್ತು. ಅದೇ ಎಳಸು, ಅದೇ ಗಾತ್ರದ ತುಂಡುಗಳು. ಈ ಮನೆಯಿಂದಲೇ ಅಲ್ಲವೆ ಆ ಪೀಡೆ ಹೊರಟದ್ದು? ಹೊರಟಲ್ಲಿಗೇ ಮರಳಲಿ. ಯಾರಿಗೂ ತಿಳಿಯುವುದಿಲ್ಲ. ಇವರಿಗಾದರೆ ಕಾರಿದೆ, ಆಸ್ಪತ್ರೆಯಿದೆ, ಇನ್ನೊಂದು ಸಲ ಇಳಿಸಿ ಎಸೆಯಲು ಮಾಂಸವಿದೆ. ಅವಳನ್ನು ಈ ಗಳಿಗೆಯಲ್ಲಿ ಕೆಟ್ಟವಳು ಎನ್ನುವವರು ಅನ್ನಲಿ. ಆದರೆ ಸ್ವಂತ ಮಗುವಿನ ಎದೆ ಕುಯ್‌ಗುಡುವುದನ್ನು ಕೇಳುತ್ತ ಮಲಗಿದವರು ಮಾತ್ರ ಅನ್ನಲಿ.

ಮುಷ್ಟಿ ಬಿಚ್ಚಿಕೊಂಡಿತು. ತುಂಡುಗಳು ತುಂಡುಗಳಲ್ಲಿ ಬೆರೆತವು. ಶುಂಠಿ, ಮೆಣಸು, ಉಪ್ಪು ಹಾಕಿ ನೀರು ಹೊಯ್ದು ಕುಕ್ಕರ್ ಮುಚ್ಚಳ ಹಾಕಿದಳು. ಕಿಟಕಿಯ ಕಡೆ ಬೆನ್ನು ಮಾಡಿ ನಿಂತಳು.

ಕುಕ್ಕರ್ ಕೂಗಿ ಕೂಗಿ ಸುಮ್ಮನಾಗುವ ಹೊತ್ತಿಗೆ ಸಾಮಿಯಾ ಬಂದಳು. ಸ್ವೆಟರು, ಉಣ್ಣೆಯ ಟೋಪಿ, ಕಡ್ಡಿಯಂಥ ಕಾಲು. ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತಳು.

"ಜಟ್ಟೆಮ್ಮ ಆಂಟಿ, ಶಾಂಭವಿಗೆ ಇನ್ನೂ ಜ್ವರಾನಾ?"

"ಹೂನವ್ವ."

"ನಂದ್ರಲ್ಲಿ ಅರ್ಧ ಅವಳಿಗೆ ಡಬ್ಬೀಲಿ ಹಾಕ್ಕೊಂಡೋಗಿ. ಅಮ್ಮಿಗೆ ನಾನು ಹೇಳ್ತೀನಿ. ಇದು ಕುಡಿದ್ರೆ ಬೇಗ ವಾಸಿ ಆಗುತ್ತೆ, ನಂಗಾಯ್ತಲ್ಲ."

ಜಟ್ಟೆಮ್ಮ ಆ ಮಗುವಿನ ಮುಖ ನೋಡಿದಳು. ಇಷ್ಟು ದಿನ ಈ ಮನೆಯಲ್ಲಿದ್ದೂ ಅವಳ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಜ್ವರ ಬಿಟ್ಟ ಮುಖ, ತುಟಿಯ ಮೂಲೆಯಲ್ಲಿ ಒಣಗಿದ ಹುಣ್ಣು. ಮುಂದಿನ ಹಲ್ಲೊಂದು ಬಿದ್ದಿತ್ತು, ಶಾಂಭವಿಗೂ ಬೀಳುವ ವಯಸ್ಸು ಹತ್ತಿರ ಬರುತ್ತಿತ್ತು. ಜಟ್ಟೆಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹೋಗವ್ವ, ಗಿಡಗ ಅದನೋ ಹಾರಿ ಹೋತೋ ನೋಡಿ ಬಾ," ಎಂದಳು. ಹುಡುಗಿ ಕಿಟಕಿಯ ಕೋಣೆಗೆ ಹೋದಳು.

ಜಟ್ಟೆಮ್ಮ ಮುಚ್ಚಳ ತೆಗೆದು ಸೌಟು ಹಾಕಿ ಹುಡುಕಿದಳು. ಬೆಂದ ಮೇಲೆ ಯಾವ ತುಂಡು ಯಾರದು? ಎಲ್ಲ ಒಂದೇ ಬಣ್ಣ, ಒಂದೇ ರೂಪ. ಚೆಲ್ಲಿಬಿಡೋಣವೆಂದರೆ ಬೀದಿಯ ನಾಯಿ ತಿಂದೀತು, ಇಲ್ಲವೆ ಕಸದಲ್ಲಿ ಆಯುವ ಯಾವಳ ಕೂಸೋ ತಿಂದೀತು. ತನ್ನ ಹಾಗೆಯೇ ಯಾವಳೋ ತಾಯಿ ದೇವರು ಕೊಟ್ಟನೆಂದು ಒಯ್ದಾಳು. ಹೊತ್ತುಕೊಂಡು ಹೋಗಲು ಒಂದು ಬಾಯಿ ಬೇಕು, ಗಿಡಗ ಬೇಡವೆಂದಿದೆ. ಅವಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಕುಕ್ಕರನ್ನು ಮುಂದಕ್ಕೆಳೆದುಕೊಂಡು, ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುಟ್ಟಿತು. ಇನ್ನೊಂದು ಹಾಕಿಕೊಂಡಳು. ಬೆರಳು ಸುಟ್ಟವು. ಅಗಿಯಲು ಪುರುಸೊತ್ತಿಲ್ಲದೆ ನುಂಗಿದಳು. ಕಣ್ಣಲ್ಲಿ ನೀರು ಧಾರಾಕಾರ ಹರಿಯುತ್ತಿತ್ತು, ಬಿಸಿಗೋ ದುಃಖಕ್ಕೋ ಅವಳಿಗೇ ಗೊತ್ತಿರಲಿಲ್ಲ. ತುಂಡುಗಳು ಮುಗಿದ ಮೇಲೆ ಕುಕ್ಕರನ್ನೇ ಎತ್ತಿ ಸಾರು ಕುಡಿಯತೊಡಗಿದಳು.

ತಲೆಗೆ ಟವಲು ಸುತ್ತಿಕೊಂಡ ಶಕೀಲಾ ಬಾಗಿಲಲ್ಲಿ ನಿಂತಿದ್ದಳು.

ಶಕೀಲಾಳ ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ, ನಾಚಿಕೆ. ನೋಡಬಾರದ್ದನ್ನು ನೋಡಿದಾಗ ಒಳ್ಳೆಯವರಿಗೆ ಆಗುವಂಥದ್ದು.

"ಹಸಿವಾಗಿದ್ರೆ ಕೇಳ್ಬಾರ್ದಾ ಜಟ್ಟೆಮ್ಮ? ನಾನು ಯಾವತ್ತಾದ್ರೂ ಇಲ್ಲ ಅಂದಿದೀನಾ?" ಎಂದಳು. ಆಮೇಲೆ ಬಗ್ಗಿ ಖಾಲಿ ಕುಕ್ಕರ್ ನೋಡಿದಳು. "ಕಾಯಿಲೆ ಮಗು ಬಾಯಿಂದ ಕಿತ್ಕೊಂಡು ತಿಂದ್ಯಲ್ಲ."

"ಹೌದ್ರಿ ಆಪಾ," ಎಂದಳು ಜಟ್ಟೆಮ್ಮ, ಬಾಯಿ ಒರೆಸಿಕೊಳ್ಳುತ್ತ. "ಕಿತ್ಕೊಂಡೆ."

ಇನ್ನೇನು ಹೇಳಬಹುದಿತ್ತು? ನಿಜ ಹೇಳಿದರೆ ಆ ತಾಯಿ ಇನ್ನು ಮುಂದೆ ಮಗಳ ಪ್ರತಿಯೊಂದು ಕೆಮ್ಮಿಗೂ ಎದೆ ಹಿಡಿದುಕೊಂಡು ಬದುಕಬೇಕಾಗುತ್ತಿತ್ತು. ಆ ಬದುಕು ಹೇಗಿರುತ್ತದೆಂದು ಜಟ್ಟೆಮ್ಮನಿಗೆ ಗೊತ್ತಿತ್ತು. ಕುಕ್ಕರ್ ತೊಳೆದು ಬೋರಲು ಹಾಕಿದಳು. ನಾಳೆಯಿಂದ ಬರಬೇಡವೆಂದು ಶಕೀಲಾ ಹೇಳಿದಾಗ ತಲೆಯಾಡಿಸಿದಳು. ಹೊರಗೆ ಮಂಜು ಕರಗಿತ್ತು. ಗಿಡಗ ಕೊಂಬೆಯ ಮೇಲೆ ಇರಲಿಲ್ಲ. ಮೈನಾಗಳು ಹುಲ್ಲಿಗೆ ಇಳಿದು ಜಗಳವಾಡುತ್ತಿದ್ದವು.

ಕಗ್ಗದಾಸಪುರ ಮುಟ್ಟುವಾಗ ನಡುಮಧ್ಯಾಹ್ನ. ಆಂಜನಮ್ಮ ದೂರದಿಂದಲೇ ಕೈಬೀಸಿದಳು. ಬೆಳಿಗ್ಗೆಯೇ ಮೈ ಬೆವರಿ ಜ್ವರ ಬಿಟ್ಟಿತಂತೆ, ಡಾಕ್ಟರ ಔಷಧಿ ಕೊನೆಗೂ ಹತ್ತಿತಂತೆ, ಮಗು ಕೇಳಿ ಕೇಳಿ ಅನ್ನ ಉಂಡಿತಂತೆ. ಶಾಂಭವಿ ಹೊಸ್ತಿಲ ಮೇಲೆ ಬಿಸಿಲಿಗೆ ಕೂತಿದ್ದಳು. ತಾಯಿಯನ್ನು ಕಂಡದ್ದೇ ತಡ, ಗೋಡೆ ಹಿಡಿದು ಎದ್ದು ನಿಂತು ಎರಡೂ ಕೈ ಚಾಚಿದಳು.

"ಅವ್ವಾ, ಎತ್ಕೋ."

ಜಟ್ಟೆಮ್ಮ ಓಡಿಬಂದವಳು ಗಕ್ಕನೆ ನಿಂತಳು. ಬಾಯಲ್ಲಿ ಇನ್ನೂ ಆ ಮಾಂಸದ ರುಚಿಯಿತ್ತು. ಮಗು ಒಂದು ಹೆಜ್ಜೆ ಮುಂದಿಟ್ಟಿತು. ಅವಳು ಒಂದು ಹೆಜ್ಜೆ ಹಿಂದಿಟ್ಟಳು.

"ಬ್ಯಾಡವ್ವ," ಎಂದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. "ಅಲ್ಲೇ ನಿಂದ್ರು. ನನ್ನ ಮುಟ್ಟಬ್ಯಾಡ."